ಟೇಪಕ್ಕ ಮಾಡಿಸಿದ ಬೀರು

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಒಲೆಯ ಮುಂದೆ ನಿಂತಾಗಲೂ ಅದು ಕೊರಳಲ್ಲೇ. ಒಮ್ಮೆ ಅದರ ತುದಿ ಹಾಲಿನ ಪಾತ್ರೆಗೆ ಇಳಿದುಬಿಟ್ಟಾಗ ಅವಳ ಗಂಡ ಹತ್ತಿರ ಬಂದು ಬಗ್ಗಿ ನೋಡಿ, ಈ ಹೊತ್ತು ಹಾಲು ಎಷ್ಟು ಇಂಚು ಬಂದಿದೆ ಎಂದು ಕೇಳಿದ್ದನಂತೆ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಆ ಮನುಷ್ಯ ಮಾತನಾಡುವುದೇ ಅಪರೂಪ, ಆಡಿದರೆ ಇಂಥದ್ದೇ.

ಮದುವೆಯಾಗಿ ಆ ಮನೆಗೆ ಬಂದಾಗ ಟೇಪಕ್ಕನಿಗೆ ಸೂಜಿಗೆ ದಾರ ಪೋಣಿಸುವುದೂ ಸರಿಯಾಗಿ ಬರುತ್ತಿರಲಿಲ್ಲ. ಕಲಿಸಿದವರು ಅತ್ತೆ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಅತ್ತೆಯ ಹೊಲಿಗೆ ಯಂತ್ರವಿತ್ತು. ಅದರ ಪಕ್ಕದಲ್ಲಿ ಸೊಸೆಯನ್ನು ಕೂರಿಸಿಕೊಂಡು, ಮೊದಲ ಒಂದು ವರ್ಷ ಹಳೆಯ ದಿಂಬಿನ ಚೀಲಗಳನ್ನು ಬಿಚ್ಚಿಸಿ ಹೊಲಿಸಿ, ಮತ್ತೆ ಬಿಚ್ಚಿಸಿ ಹೊಲಿಸಿ ಕೈ ಪಳಗಿಸಿದರು. ನಾಲ್ಕನೆಯ ವರ್ಷ ಒಂದು ಬೆಳಿಗ್ಗೆ ಅವರೇ ಸ್ಟೂಲಿನಿಂದ ಎದ್ದು, "ಇನ್ನು ಮೇಲೆ ಯಂತ್ರ ನಿಂದು, ಗುಂಡಿ ನಂದು" ಎಂದರು. ಅಂದಿನಿಂದ ಕತ್ತರಿಸುವುದು, ಹೊಲಿಯುವುದು ಸೊಸೆಯ ಪಾಲು. ಗುಂಡಿ, ಕಾಜಾ, ಕೊಕ್ಕೆ, ಅಂಚು ಮಡಚುವ ಕೈಹೊಲಿಗೆ ಅತ್ತೆಯ ಪಾಲು. ಹದಿನೆಂಟು ವರ್ಷ ಇಬ್ಬರೂ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತು ಕೆಲಸ ಮಾಡಿದರು. ಬಂದುಹೋಗುವ ಗಿರಾಕಿಗಳ ಸೊಂಟ, ಸಂಬಂಧ, ಸೊಕ್ಕು ಎಲ್ಲವೂ ಅಲ್ಲಿ ಮಾತಿಗೆ ಬರುತ್ತಿತ್ತು. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದ ಟೇಪಕ್ಕನಿಗೆ ಆ ಮೊಣಕೈ ಎಷ್ಟು ದೊಡ್ಡ ಆಸ್ತಿ ಎಂಬುದು ಅವಳಿಗೇ ತಿಳಿದಿರಲಿಲ್ಲ, ಅದು ಎದ್ದು ಎದುರು ಮನೆಗೆ ಹೋಗುವ ತನಕ.

ಎದುರು ಮನೆಯಲ್ಲಿದ್ದವನು ಅವಳ ಮೈದುನ. ಅವನ ಹೆಂಡತಿಯನ್ನು ಮನೆಯವರು ಚಿಕ್ಕವಳು ಎನ್ನುತ್ತಿದ್ದರು. ಅವಳು ಬಣ್ಣದ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುವ ಕೆಲಸಕ್ಕಿದ್ದಳು. ಅವರು ಬಂದ ಮೇಲೂ ಮೂರು ವರ್ಷ ಆ ಮನೆ ಇದ್ದ ಹಾಗೇ ಇತ್ತು: ತುಕ್ಕು ಹಿಡಿದ ಕಿಟಕಿ ಸರಳು, ತೇವಕ್ಕೆ ಉಬ್ಬಿದ ಗೋಡೆ, ಕಿಟಕಿಯ ತಲೆಯ ಮೇಲೆಯೇ ಚಾಚಿಕೊಂಡ ಅಟ್ಟ. ಆಗೆಲ್ಲ ಟೇಪಕ್ಕ ವಾರಗಿತ್ತಿಯ ಬಗ್ಗೆ ಬಹಳ ಕನಿಕರದಿಂದ ಮಾತಾಡುತ್ತಿದ್ದಳು.

ಆಮೇಲೆ ಒಂದು ಭಾನುವಾರ ಚಿಕ್ಕವಳು ತಲೆಗೆ ಬಟ್ಟೆ ಕಟ್ಟಿ ಸ್ಯಾಂಡ್‌ಪೇಪರ್ ಹಿಡಿದು ಕಿಟಕಿ ಸರಳು ಉಜ್ಜತೊಡಗಿದಳು. ಮುಂದಿನ ಭಾನುವಾರ ಗಂಡ ಹೆಂಡತಿ ಸೇರಿ ಅಟ್ಟ ಕಿತ್ತರು. ಅದರ ಮುಂದಿನ ವಾರ ಉಬ್ಬಿದ ಗಾರೆ ಕೆರೆದು, ಒಣಗಲು ಬಿಟ್ಟು, ಪುಟ್ಟಿ ಬಳಿದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಗೋಡೆಗೆ ತಿಳಿ ಮಜ್ಜಿಗೆಯ ಬಣ್ಣ ಬಂತು, ಕಿಟಕಿ ಸರಳು ಬಿಳಿಯಾಯಿತು, ಒಳಬಾಗಿಲ ಪಕ್ಕದಲ್ಲಿ ಬಡಗಿ ಬಂದು ಕೂರಿಸಿದ ತೆಳುಬಣ್ಣದ ಗೋಡೆ ಬೀರು ನಿಂತಿತು. ಹೇಳಿಕೊಳ್ಳುವಂಥ ವೈಭವವೇನಲ್ಲ. ಆದರೂ ಬೀದಿಯಲ್ಲಿ ಹೋಗುವವರು ಅಲ್ಲಿ ಒಂದು ಗಳಿಗೆ ನಿಧಾನಿಸಿ ಮುಂದೆ ಹೋಗುತ್ತಿದ್ದರು.

ಅಲ್ಲಿ ನಿಧಾನಿಸಿದವರು ಇಲ್ಲಿ ಬಂದು ಅಳತೆ ಕೊಡುತ್ತ ಅದನ್ನೇ ಹೊಗಳುವುದು ವಾಡಿಕೆಯಾಯಿತು. ಕೈ ಎತ್ತಿ ನಿಂತ ಗಿರಾಕಿಯ ಎದೆ ಸುತ್ತಳತೆ ತೆಗೆಯುತ್ತಿರುವಾಗ, "ನಿಮ್ಮ ವಾರಗಿತ್ತಿ ಮನೆ ನೋಡಿದ್ರಾ, ಏನು ಕಳೆ ಬಂದಿದೆ" ಎಂಬ ಮಾತು ಕಿವಿಗೆ ಬಿದ್ದರೆ ಟೇಪು ತಾನಾಗಿಯೇ ಅರ್ಧ ಇಂಚು ಬಿಗಿಯಾಗುತ್ತಿತ್ತು. "ಹೌದು, ಪಾಪ, ಕಷ್ಟಪಟ್ಟು ಮಾಡಿದ್ದಾಳೆ" ಎನ್ನುವಳು. ಆ ಪಾಪ ಎನ್ನುವ ಪದಕ್ಕೆ ಅವಳು ಸುರಿಯುತ್ತಿದ್ದ ಖಾರ ಅಷ್ಟಿಷ್ಟಲ್ಲ.

ಅದನ್ನೂ ಹೇಗೋ ನುಂಗಿಕೊಳ್ಳಬಹುದಿತ್ತು. ಒಂದು ಮಧ್ಯಾಹ್ನ ಊಟ ಮುಗಿಸಿದ ಅತ್ತೆ ಗುಂಡಿಯ ಡಬ್ಬಿಯನ್ನೂ ಹೊಲಿದಿಟ್ಟ ನಾಲ್ಕು ಅಂಗಿಗಳನ್ನೂ ಬಗಲಲ್ಲಿಟ್ಟುಕೊಂಡು ಬೀದಿ ದಾಟಿ ಎದುರು ಮನೆಗೆ ಹೋದರು. ಚಿಕ್ಕವಳು ಅಂಗಡಿಗೆ ಹೋಗುವಾಗ ಬೀಗದ ಕೈಯನ್ನು ಅವರಲ್ಲೇ ಬಿಟ್ಟುಹೋಗುತ್ತಿದ್ದಳು. ಮೊದಲು ವಾರಕ್ಕೊಂದು ದಿನ ಹೋದರು, ಆಮೇಲೆ ಎರಡು ದಿನ. ತಿಂಗಳು ತುಂಬುವಷ್ಟರಲ್ಲಿ ಬೆಳಿಗ್ಗೆ ಹತ್ತಕ್ಕೇ ಹೊರಟು ಸಂಜೆ ಬರುವಂತಾಯಿತು. ಟೇಪಕ್ಕ ಒಮ್ಮೆ, ಏನೂ ಇಲ್ಲದವಳಂತೆ ದಾರ ಕಡಿಯುತ್ತ, ಅಲ್ಲಿ ಅಂಥಾದ್ದೇನಿದೆ ಎಂದು ಕೇಳಿದಳು. ಅತ್ತೆ ಗುಂಡಿಯ ಡಬ್ಬಿ ಮುಚ್ಚುತ್ತ, "ಅಲ್ಲಿ ಕೂತ್ರೆ ಏನೋ ಒಂಥರಾ ಹಿತ ಕಣೇ" ಎಂದಷ್ಟೇ ಹೇಳಿದರು.

ಹಿತ! ಹದಿನೆಂಟು ವರ್ಷ ಇಲ್ಲಿ ಮುಳ್ಳಿನ ಮೇಲೆ ಕೂತಿದ್ದರೇ? ಟೇಪಕ್ಕ ಸುತ್ತ ನೋಡಿದಳು. ಕೊಳೆ ಕಾಣಬಾರದೆಂದು ತಾನೇ ಆರಿಸಿ ಹೊಡೆಸಿದ ಕಡು ಹಸಿರು ಗೋಡೆ. ಕಿಟಕಿಯ ಒಂದು ಪಾಲನ್ನು ಮುಚ್ಚಿದ ಬಟ್ಟೆಯ ಕಪಾಟು. ಪಕ್ಕದ ಖಾಲಿ ಸ್ಟೂಲು. ಅವಳಿಗೆ ಹೊಳೆದದ್ದು ಒಂದೇ: ಅತ್ತೆಗೆ ಹೊಸ ಮನೆಯ ಅಂದ ಹಿಡಿಸಿದೆ. ಅಂದವನ್ನು ಅಂದದಿಂದಲೇ ಗೆಲ್ಲಬೇಕು. ಈ ಕೋಣೆಗೂ ಒಂದು ಬೀರು ಬರಬೇಕು, ಅದು ಎದುರು ಮನೆಯದಕ್ಕಿಂತ ಒಂದು ಖಾನೆಯಾದರೂ ಹೆಚ್ಚಿರಬೇಕು. ಆಗ ಅತ್ತೆ ಡಬ್ಬಿ ಹಿಡಿದು ವಾಪಸು ಬರುತ್ತಾರೆ.

ಬೀರಿನ ಅಳತೆ ನೋಡಲು ದಾರಿ ತಾನಾಗಿಯೇ ಸಿಕ್ಕಿತು. ಚಿಕ್ಕವಳು ಒಂದು ಸಂಜೆ ಬಿಳಿಯ ತೆಳು ಬಟ್ಟೆ ತಂದು, ಕಿಟಕಿಗೆ ಪರದೆ ಹೊಲಿದುಕೊಡಿ ಅಕ್ಕ, ನಿಮ್ಮ ಕೈಯಷ್ಟು ನೇರ ಯಾರಿಗೂ ಬರಲ್ಲ ಎಂದಳು. ಉರಿಯುವ ಗಾಯಕ್ಕೆ ಉಪ್ಪು ಹಾಕಿ, ಅದನ್ನು ನೀವೇ ಸ್ವಲ್ಪ ಉಜ್ಜಿಕೊಳ್ಳಿ ಎಂದ ಹಾಗಾಯಿತು. ಯಾವ ಕಿಟಕಿ ಅತ್ತೆಯನ್ನು ಕಸಿದುಕೊಂಡಿತೋ ಅದಕ್ಕೆ ತಾನೇ ಸೆರಗು ಹೊದಿಸಬೇಕು. ಅಂಚನ್ನು ಒಂದು ನೂಲು ವಕ್ರ ಹೊಲಿದುಬಿಟ್ಟರೆ? ಕಣ್ಣಿಗೆ ಕಾಣದಷ್ಟು, ಆದರೆ ಪರದೆ ಎಂದೂ ನೆಟ್ಟಗೆ ಇಳಿಯದಷ್ಟು? ಯಂತ್ರದ ಮುಂದೆ ಕೂತು ಅವಳು ಇದನ್ನು ಬಹಳ ಹೊತ್ತು ಯೋಚಿಸಿದಳು. ಆದರೆ ಹೊಟ್ಟೆಯಲ್ಲಿದ್ದ ಕಿಚ್ಚು ಕೈಗೆ ಇಳಿಯಲಿಲ್ಲ. ಕೈ ಅತ್ತೆ ಪಳಗಿಸಿದ್ದು. ಅದಕ್ಕೆ ವಕ್ರ ಹೊಲಿಯುವುದು ಗೊತ್ತೇ ಇರಲಿಲ್ಲ.

ಪರದೆ ಕೊಡಲು ಹೋದವಳು, ಚಿಕ್ಕವಳು ಟೀ ಮಾಡಲು ಒಳಗೆ ಹೋದ ತಕ್ಷಣ ಕೊರಳ ಟೇಪನ್ನು ಬೀರಿನ ಮೇಲೆ ಎಳೆದಳು. ಅಗಲ, ಎತ್ತರ, ಖಾನೆಗೂ ಖಾನೆಗೂ ನಡುವಿನ ಅಂತರ. ಟೀ ಬರುವಷ್ಟರಲ್ಲಿ ಎಲ್ಲ ಬಾಯಿಪಾಠ. ಮನೆಗೆ ಬಂದು ಒಳಬಾಗಿಲ ಚೌಕಟ್ಟಿಗೂ ಮೂಲೆಗೂ ನಡುವೆ ಇದ್ದ ತನ್ನ ಗೋಡೆಯನ್ನು ಅಳೆದು, ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲೇ ಬರೆದುಕೊಂಡಳು. ಮರುದಿನ ಅದೇ ಬಡಗಿಯ ಬಳಿ ಹೋಗಿ ಚೀಟಿ ಕೊಟ್ಟು, ಪಾಲಿಶ್ ಮಾತ್ರ ಕಡು ಕಂದು ಇರಲಿ, ನೋಡಿದವರಿಗೆ ಭಾರಿ ಅನ್ನಿಸಬೇಕು ಎಂದಳು.

ಬಡಗಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದ. ತಾನೇ ಒಮ್ಮೆ ಬಂದು ಗೋಡೆ ಅಳೆದುಕೊಂಡು ಹೋಗುವುದಾಗಿ ಹೇಳಿದ. ಬಡಗಿ ಬಂದರೆ ಎದುರು ಮನೆಗೆ ಸುದ್ದಿ ಹೋಗುತ್ತದೆ. ಟೇಪಕ್ಕನಿಗೆ ಅದು ಬೇಕಿರಲಿಲ್ಲ.

"ಇಷ್ಟು ವರ್ಷ ಊರೋರ ಮೈ ಅಳೆದಿದೀನಿ ಮೇಸ್ತ್ರಿ. ಉಸಿರಾಡೋ ಮೈನೇ ಅಳೆಯೋಳಿಗೆ ಸುಮ್ನೆ ನಿಂತಿರೋ ಗೋಡೆ ಅಳೆಯೋಕೆ ಬರಲ್ವಾ?"

ಬಡಗಿ ನಕ್ಕು, ನಿಮ್ಮ ಮಾತೇ ಆಗಲಿ ತಾಯಿ ಎಂದ.

ಹದಿನೈದು ದಿನ ಬಿಟ್ಟು ಬೀರು ಬಂದದ್ದು ಶನಿವಾರ ಬೆಳಿಗ್ಗೆ. ಗಾಡಿಯಿಂದ ಇಳಿಸುವಾಗ ಅರ್ಧ ಬೀದಿ ನೆರೆಯಿತು. ಚಿಕ್ಕವಳು ತನ್ನ ಜಗುಲಿಯ ಮೇಲೆ ಬಂದು ನಿಂತಳು, ಪಕ್ಕದಲ್ಲಿ ಅತ್ತೆ. ಟೇಪಕ್ಕ ಆ ಹೊತ್ತು ಅನುಭವಿಸಿದ ಸುಖ ಹತ್ತು ನಿಮಿಷದ್ದು. ಬಡಗಿಯೂ ಅವನ ಅಣ್ಣನೂ ಬೀರನ್ನು ಒಳಗೆ ತಂದು ಗೋಡೆಗೆ ಒತ್ತಿದರು. ಅದು ಒಳಕ್ಕೆ ಹೋಗಲೊಲ್ಲದು. ಓರೆ ಮಾಡಿದರು, ಎತ್ತಿ ನೋಡಿದರು. ಬಡಗಿ ಜೇಬಿನಿಂದ ಉಕ್ಕಿನ ಟೇಪು ತೆಗೆದು ಮೊದಲು ಬೀರನ್ನು, ಆಮೇಲೆ ಗೋಡೆಯನ್ನು ಅಳೆದ.

"ಬೀರು ಚೀಟಿಗೆ ಸರಿಯಾಗಿದೆ ತಾಯಿ, ನೂಲೂ ವ್ಯತ್ಯಾಸ ಇಲ್ಲ. ನಿಮ್ಮ ಗೋಡೆನೇ ಮೂರು ಇಂಚು ಕಮ್ಮಿ ಇದೆ."

ಟೇಪಕ್ಕ ಅಳತೆ ಪುಸ್ತಕ ತೆರೆದಳು. ಬರೆದದ್ದನ್ನು ನೋಡುತ್ತಲೇ ಕಿವಿಯವರೆಗೂ ಬಿಸಿಯೇರಿತು. ಹೊಲಿಗೆಯೊಳಗೆ ಮಡಚಿಹೋಗುವ ಬಟ್ಟೆಗೆಂದು ಎಡಕ್ಕೆ ಒಂದೂವರೆ ಇಂಚು, ಬಲಕ್ಕೆ ಒಂದೂವರೆ ಇಂಚು ಸೇರಿಸಿಯೇ ಅಳತೆ ಬರೆಯುವುದು ಅವಳ ಪದ್ಧತಿ. ಕತ್ತರಿ ಹಿಡಿದಾಗ ಮತ್ತೆ ಲೆಕ್ಕ ಹಾಕುವ ತಾಪತ್ರಯ ಬೇಡವೆಂದು ಅತ್ತೆಯೇ ಹಾಕಿಕೊಟ್ಟ ರೂಢಿ ಅದು. ಕೈ ತನ್ನ ಪಾಡಿಗೆ ತಾನು ಗೋಡೆಗೂ ಮಾರ್ಜಿನ್ ಬಿಟ್ಟಿತ್ತು.

ಅಷ್ಟರಲ್ಲಿ ಗಂಡ ಇಣುಕಿ ನೋಡಿ ವಿಷಯ ತಿಳಿದುಕೊಂಡು, ಗೋಡೆಗೆ ವಯಸ್ಸಾದ ಮೇಲೆ ಮೈ ಬಂದರೆ ಬಿಗಿಯಾಗಬಾರದಲ್ಲ, ಮುಂದಾಲೋಚನೆ ಒಳ್ಳೆಯದೇ ಎಂದು ಹೇಳಿ ಕೆಲಸಕ್ಕೆ ಹೊರಟುಹೋದ. ಬಡಗಿ ಮಾತ್ರ ನಗಲಿಲ್ಲ. ವಾಪಸು ಒಯ್ದು, ಒಂದು ಪಕ್ಕ ಬಿಚ್ಚಿ ಕತ್ತರಿಸಿ, ನಾಲ್ಕು ದಿನದಲ್ಲಿ ತಂದು ಕೂರಿಸುತ್ತೇನೆ ಎಂದ. ಅದು ಸರಿಯಾದ ಮಾತು. ಆದರೆ ಟೇಪಕ್ಕ ಬಾಗಿಲ ಕಡೆ ನೋಡಿದಳು. ಎದುರು ಜಗುಲಿಯ ಮೇಲೆ ಇಬ್ಬರೂ ನಿಂತೇ ಇದ್ದರು. ಬಂದ ಬೀರು ಅವರ ಕಣ್ಣೆದುರೇ ಮತ್ತೆ ಗಾಡಿ ಹತ್ತುವುದೇ?

"ಆ ಕಡೆ ನಿಲ್ಲಿಸಿ" ಎಂದು ಅವಳು ಬೀದಿ ಕಡೆಯ ಗೋಡೆ ತೋರಿಸಿದಳು.

ಬಡಗಿ, ಅಲ್ಲಿ ಕಿಟಕಿ ಇದೆಯಲ್ಲ ತಾಯಿ ಎಂದ. ಇರಲಿ, ಅರ್ಧ ತಾನೇ ಮುಚ್ಚುತ್ತೆ ಎಂದಳು. ಬಟ್ಟೆಯ ಕಪಾಟು ಆಗಲೇ ಒಂದು ಪಾಲು ಮುಚ್ಚಿತ್ತು. ಈಗ ಉಳಿದದ್ದು ಅಂಗೈ ಅಗಲದ ಬೆಳಕು.

ಬೀರು ಭಾರಿಯಾಗಿಯೇ ಕಂಡಿತು. ಎಷ್ಟು ಭಾರಿ ಎಂದರೆ, ಕೋಣೆಗೆ ಬಂದವರಿಗೆ ಮೊದಲು ಅದು ಕಾಣುತ್ತಿತ್ತು, ಆಮೇಲೆ ಏನೂ ಕಾಣುತ್ತಿರಲಿಲ್ಲ. ಹಾಡುಹಗಲೇ ದೀಪ ಹಾಕಿ ಹೊಲಿಯಬೇಕಾಯಿತು. ಅಳತೆ ಕೊಡಲು ಬಂದ ಶಾಲೆಯ ದೊಡ್ಡ ಮೇಡಂ ಸ್ಟೂಲು ಎಡವಿದರು. ಚಿಕ್ಕವಳು ಬಂದು ನೋಡಿ, ಬೀರನ್ನು ಸವರಿ, ಮರ ಚೆನ್ನಾಗಿದೆ ಅಕ್ಕ ಎಂದಳೇ ಹೊರತು ಇನ್ನೇನೂ ಹೇಳಲಿಲ್ಲ. ಆ ಇನ್ನೇನೂ ಹೇಳದಿದ್ದುದು ಟೇಪಕ್ಕನಿಗೆ ಎರಡು ದಿನ ಊಟ ಸೇರದಂತೆ ಮಾಡಿತು.

ಆದರೆ ಎಣಿಸಿದ್ದು ನಡೆಯಿತು. ಅತ್ತೆ ವಾಪಸು ಬಂದರು. ಬೀರು ಬಂದ ಮೂರನೆಯ ದಿನ ಗುಂಡಿಯ ಡಬ್ಬಿ ತಂದು ಹಳೆಯ ಸ್ಟೂಲಿನ ಮೇಲೆ ಕೂತರು. ಸೊಸೆ ಇಷ್ಟೆಲ್ಲ ಯಾಕೆ ಮಾಡಿಸಿದಳು ಎಂಬುದು ಮುದುಕಿಗೆ ಗೊತ್ತಾಗದೆ ಇರಲಿಲ್ಲ. ಟೇಪಕ್ಕ ಆ ಇಡೀ ದಿನ ಯಂತ್ರವನ್ನು ಹಾಡುವಂತೆ ಓಡಿಸಿದಳು. ಎದುರು ಮನೆಯ ಮುಚ್ಚಿದ ಬಾಗಿಲನ್ನು ಆಗಾಗ ನೋಡಿ ಬರಲು ಅವಳಿಗೆ ಏನಾದರೊಂದು ನೆಪ ಸಿಗುತ್ತಿತ್ತು.

ಆ ವಾರ ದೊಡ್ಡ ಮೇಡಂ ಅವರ ಕಪ್ಪು ಕೋಟು ಸಿದ್ಧವಾಗಬೇಕಿತ್ತು. ಅತ್ತೆ ಒಂದು ಬೆಳಿಗ್ಗೆಯೆಲ್ಲ ಕೂತು ಅದಕ್ಕೆ ಆರು ಗುಂಡಿ ಹಾಕಿದರು. ಟೇಪಕ್ಕ ಇಸ್ತ್ರಿ ಮಾಡುವ ಮುನ್ನ ಕೊಡವಲೆಂದು ಅದನ್ನು ಜಗುಲಿಗೆ ತಂದಳು. ಬಿಸಿಲಿಗೆ ಹಿಡಿದಾಗ ಕಂಡದ್ದು: ನಾಲ್ಕು ಗುಂಡಿ ಕಪ್ಪು, ಎರಡು ಗುಂಡಿ ಕಡು ನೀಲಿ. ಅದರಲ್ಲೊಂದನ್ನು ಹೊಲಿದ ದಾರವೂ ಕಂದು.

ಹದಿನೆಂಟು ವರ್ಷದಲ್ಲಿ ಅತ್ತೆಯ ಕೈಯಿಂದ ಇಂಥದ್ದು ನಡೆದಿರಲಿಲ್ಲ. ಟೇಪಕ್ಕನ ತಲೆಗೆ ಮೊದಲು ಬಂದ ಕಾರಣ ಎದುರು ಮನೆಯೇ. ಕೋಟು ಹಿಡಿದು ಒಳಗೆ ಬಂದವಳ ನಾಲಿಗೆ ತಡೆಯಲಿಲ್ಲ.

"ಮನಸ್ಸು ಎದುರುಮನೇಲಿ ಬಿಟ್ಟು ಬಂದ್ರೆ ಕೈಗೆ ಸರಿಯಾದ ಗುಂಡಿ ಎಲ್ಲಿ ಸಿಗುತ್ತೆ ಅತ್ತೆ? ಅಷ್ಟು ಕಷ್ಟ ಆಗಿದ್ರೆ ಅಲ್ಲೇ ಹೋಗಿ ಇರಬಹುದಿತ್ತು."

ಅತ್ತೆ ಕೋಟನ್ನು ತೊಡೆಯ ಮೇಲೆ ಹರಡಿಕೊಂಡು ಗುಂಡಿಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಬೆರಳಿಗೆ ಆರೂ ಒಂದೇ. ಕಣ್ಣಿನ ಹತ್ತಿರ ಹಿಡಿದರು, ಆಗಲೂ ಒಂದೇ. ಆಮೇಲೆ ಕೋಟು ಮಡಚಿಟ್ಟು ಸಣ್ಣ ದನಿಯಲ್ಲಿ ಹೇಳಿದರು.

"ಕಣ್ಣು ಮಂಜಾಗಿ ಏಳೆಂಟು ತಿಂಗಳಾಯ್ತು ಕಣೇ. ಪೊರೆ ಇನ್ನೂ ಬಲೀಬೇಕು, ಆಮೇಲೆ ತೆಗೀತೀವಿ ಅಂದ್ರು ಡಾಕ್ಟ್ರು. ನಿನಗೆ ಹೇಳಿದ್ರೆ, ಸಾಕು ಬಿಡಿ ಅತ್ತೆ, ಆರಾಮಾಗಿರಿ ಅಂತ ಡಬ್ಬಿ ಕಿತ್ತಿಟ್ಟುಬಿಡ್ತೀಯ. ಯಂತ್ರ ಬಿಟ್ಟುಕೊಟ್ಟೆ. ಗುಂಡಿನೂ ಹೋದ್ರೆ ಈ ಕೋಣೇಲಿ ನನಗೇನು ಕೆಲಸ?"

ಅತ್ತೆ ಮುಂದುವರಿದು, ಆ ಮನೆಯ ಗೋಡೆ ಬೆಳ್ಳಗಾದ ಮೇಲೆ ಅಲ್ಲಿ ಸೂಜಿಯ ಕಣ್ಣು ಕಾಣುತ್ತಿತ್ತು, ಅದಕ್ಕೇ ಹೋಗುತ್ತಿದ್ದೆ ಎಂದರು. "ಚೆಂದ ನೋಡೋಕೆ ಹೋದೆ ಅಂದ್ಕೊಂಡ್ಯಾ? ಅವಳ ಬೀರು ಯಾವ ಬಣ್ಣ ಅಂತ ಕೇಳು, ಹೇಳೋಕೆ ಬಂದ್ರೆ ನೋಡು."

ಆ ಮಾತಿಗೆ ಟೇಪಕ್ಕ ಕಿಟಕಿಯ ಕಡೆ ತಿರುಗಿದಳು. ಕಿಟಕಿಗೆ ಅಡ್ಡ ನಿಂತ ಬೀರು ಅವಳನ್ನೇ ನೋಡುತ್ತಿತ್ತು. ಅತ್ತೆಯನ್ನು ಕರೆತರಲೆಂದು ಅತ್ತೆಗೆ ಬೇಕಾದ ಒಂದೇ ಒಂದು ವಸ್ತುವನ್ನು ಕೈಯಾರೆ ಮುಚ್ಚಿದ್ದಳು. ನೀಲಿ ಗುಂಡಿಗಳನ್ನು ಅವಳೇ ಬಿಚ್ಚತೊಡಗಿದಳು; ಎರಡನೆಯದಕ್ಕೆ ಬಂದಾಗ ಕೈ ತಡೆದು, ಕೋಟನ್ನೂ ಎರಡು ಕಪ್ಪು ಗುಂಡಿಗಳನ್ನೂ ಅತ್ತೆಯ ಕೈಗಿಟ್ಟು ಅವರನ್ನು ಜಗುಲಿಯ ಬಿಸಿಲಿಗೆ ಕರೆತಂದು ಕೂರಿಸಿದಳು. ದಾರ ಮಾತ್ರ ತಾನು ಪೋಣಿಸಿಕೊಟ್ಟಳು.

ಸಂಜೆ ಚಿಕ್ಕವಳು ಅಂಗಡಿಯಿಂದ ಬರುವುದನ್ನೇ ಕಾದಿದ್ದು ಬೀದಿ ದಾಟಿದಳು. ಇಪ್ಪತ್ತು ಹೆಜ್ಜೆಯ ಬೀದಿ ಅದು. ಅಂದು ಅವಳಿಗೆ ಹೊಳೆಯನ್ನು ಈಜಿದಷ್ಟು ಆಯಾಸವಾಯಿತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆಲ್ಲ ಬಾಗಿಲಲ್ಲಿ ಮರೆತುಹೋಗಿ, "ನನ್ನ ಕೋಣೆಗೆ ಬೆಳಕು ಬರೋ ಹಾಗೆ ಮಾಡಿಕೊಡ್ತೀಯೇನೇ?" ಎಂದುಬಿಟ್ಟಳು.

ಚಿಕ್ಕವಳು ಚಪ್ಪಲಿ ಕೂಡ ಬಿಚ್ಚದೆ ಹಾಗೆಯೇ ಬಂದಳು. ಕೋಣೆಯ ನಡುವೆ ನಿಂತು ಒಂದು ಸುತ್ತು ತಿರುಗಿದಳು. ಬಹಳ ದಿನದಿಂದ ಹೇಳಬೇಕೆಂದುಕೊಂಡದ್ದನ್ನೆಲ್ಲ ಅವಳು ಹೇಳಿದ ರೀತಿ ನೋಡಿದರೆ, ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದುದೇ ದೊಡ್ಡದು. ಬೀರನ್ನು ಕತ್ತರಿಸಿ ಒಳಬಾಗಿಲ ಪಕ್ಕಕ್ಕೇ ಕಳಿಸಬೇಕು. ಬಟ್ಟೆಯೆಲ್ಲ ಅದರೊಳಗೆ ಹೋದರೆ ಕಿಟಕಿಯ ಮುಂದಿನ ಕಪಾಟೇ ಬೇಕಾಗಿಲ್ಲ. ಕಡು ಹಸಿರಿನ ಮೇಲೆ ನೇರವಾಗಿ ತಿಳಿ ಬಣ್ಣ ಬಳಿದರೆ ಹಸಿರು ಇಣುಕುತ್ತದೆ, ಮೊದಲು ಪ್ರೈಮರ್ ಎರಡು ಸಲ ಆಗಬೇಕು. ಯಂತ್ರದ ಎತ್ತರದವರೆಗೆ ಮಾತ್ರ ತೊಳೆಯುವಂಥ ಬಣ್ಣ ಇರಲಿ, ಎಣ್ಣೆ ಕೈ ತಾಗಿದರೆ ಒರೆಸಬಹುದು.

ಟೇಪಕ್ಕ ಅಳುಕಿನಿಂದ, ನಿನ್ನ ಮನೆಗೆ ಹೊಡೆದಂಥ ಬಣ್ಣ ನಮ್ಮ ಕೈಗೆ ಎಟುಕೀತೇ ಎಂದು ಕೇಳಿದಳು. ಚಿಕ್ಕವಳು ಹಣೆ ಚಚ್ಚಿಕೊಂಡಳು.

"ಅಯ್ಯೋ ಅಕ್ಕ, ಅದು ಗಿರಾಕಿಗಳು ಬೇಡ ಅಂತ ವಾಪಸು ಕೊಟ್ಟ ಬಣ್ಣ. ಒಂದು ಬೇಕು ಅಂದ್ರೆ ಇನ್ನೊಂದಾಗಿ ಕಲೆಸಿಬಿಟ್ಟ ಡಬ್ಬಗಳು ಅಂಗಡೀಲಿ ಬಿದ್ದಿರ್ತವೆ. ನಾಲ್ಕು ಡಬ್ಬ ಸುರಿದು ಕಲೆಸಿದೆ, ಮಜ್ಜಿಗೆ ಬಣ್ಣ ಬಂತು. ನಾನೇನು ಆರಿಸಿದ್ದಲ್ಲ."

ಟೇಪಕ್ಕನಿಗೆ ನಗು ಬಂತು. ನಗುತ್ತಿರುವಾಗಲೇ ಚಿಕ್ಕವಳು ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೇಳಿದಳು.

"ಅತ್ತೆ ಬಂದು ಕೂರ್ತಿದ್ದದ್ದು ನನ್ನ ಮನೇಲಿ ನಿಜ. ರಜಾ ದಿನ ಜೊತೇಲಿದ್ರೆ ಬಾಯಿ ತುಂಬ ನಿಮ್ಮದೇ ಮಾತು. ದೊಡ್ಡೋಳು ಕಾಲರ್ ಹೀಗೆ ಇಡ್ತಾಳೆ, ದೊಡ್ಡೋಳು ತೋಳು ಹಾಗೆ ಕೂರಿಸ್ತಾಳೆ. ನಾನು ಅಟ್ಟ ಕಿತ್ತಿದ್ದು ಒಂದು ಸಲಾನಾದ್ರೂ ಬಾಯಿಗೆ ಬರಲಿಲ್ಲ. ನನಗೂ ಹೊಟ್ಟೆ ಉರೀತು ಅಕ್ಕ."

ಆ ಮಾತು ಕೇಳಿ ಟೇಪಕ್ಕನಿಗೆ ಎಷ್ಟು ಸಂತೋಷವಾಯಿತೆಂದರೆ ಅದನ್ನು ಮುಚ್ಚಿಡಲು ಬೇಗ ಬೇಗ ಟೀಗೆ ನೀರಿಟ್ಟಳು.

ಮೂರು ಭಾನುವಾರ ವಾರಗಿತ್ತಿಯರಿಬ್ಬರೂ ತಲೆಗೆ ಬಟ್ಟೆ ಕಟ್ಟಿ ಗೋಡೆ ಕೆರೆದರು. ಬಡಗಿ ತನ್ನ ಉಕ್ಕಿನ ಟೇಪಿನಿಂದ ತಾನೇ ಅಳೆದು, ಬೀರಿನ ಒಂದು ಪಕ್ಕ ಬಿಚ್ಚಿ ಸಣ್ಣದು ಮಾಡಿ ಒಳಬಾಗಿಲ ಪಕ್ಕಕ್ಕೆ ಕೂರಿಸಿದ. ಹಳೆಯ ಕಪಾಟು ಹೊರಗೆ ಹೋಯಿತು. ಕಿಟಕಿಯ ಅಡಿಯಲ್ಲಿ ಅತ್ತೆಗೆ ಕೂರಲು ಅಗಲವಾದ ಹಲಗೆ ಬಂತು. ಬೆಳಿಗ್ಗೆ ಎಂಟಕ್ಕೆ ಬಿಸಿಲು ಅವರ ತೊಡೆಯ ಮೇಲಿನ ಬಟ್ಟೆಗೆ ನೇರವಾಗಿ ಬೀಳುತ್ತಿತ್ತು. ಬಣ್ಣ ಬಣ್ಣದ ಗುಂಡಿಗಳನ್ನು ಟೇಪಕ್ಕ ಬೇರೆ ಬೇರೆ ಬಟ್ಟಲಿನಲ್ಲಿ ವಿಂಗಡಿಸಿಟ್ಟಳು. ಮೊಣಕೈ ಮತ್ತೆ ಮೊಣಕೈಯ ಪಕ್ಕಕ್ಕೆ ಬಂತು.

ಆದರೆ ಸೂರ್ಯ ಯಾರೊಬ್ಬರ ಕಡೆಯವನೂ ಅಲ್ಲ. ಮಧ್ಯಾಹ್ನ ತಿರುಗುತ್ತಲೇ ಅವನು ಟೇಪಕ್ಕನ ಮನೆಯ ಹಿಂದಕ್ಕೆ ಸರಿದು ಎದುರು ಮನೆಯ ಕಿಟಕಿಯಲ್ಲಿ ಬಂದು ನಿಲ್ಲುತ್ತಿದ್ದ. ಊಟವಾದ ಮೇಲೆ ಅತ್ತೆ ಡಬ್ಬಿ ಎತ್ತಿಕೊಂಡು ಬೀದಿ ದಾಟುತ್ತಿದ್ದರು. ಕಾರಣ ತಿಳಿದಿದ್ದರೂ, ಆ ಬೆನ್ನು ಬಾಗಿಲು ದಾಟುವಾಗ ಟೇಪಕ್ಕನೊಳಗಿನ ಹಳೆಯ ಕಿಚ್ಚು ಮಗ್ಗುಲು ಬದಲಿಸುತ್ತಿತ್ತು. ಅದು ಸತ್ತುಹೋಯಿತೆಂದು ಹೇಳಿದರೆ ಸುಳ್ಳಾದೀತು.

ಅವಳು ಒಂದು ಉಪಾಯ ಹೂಡಿದಳು. ಯಂತ್ರದ ಕೆಲಸವನ್ನೆಲ್ಲ ಹಿಂದಿನ ದಿನವೇ ಮುಗಿಸಿಟ್ಟು, ಗುಂಡಿ ಹಾಕುವ ಬಟ್ಟೆಯಷ್ಟನ್ನೂ ಬೆಳಿಗ್ಗೆಯೇ ಅತ್ತೆಯ ಮುಂದೆ ಒಟ್ಟತೊಡಗಿದಳು. ಎಲ್ಲ ಊಟದೊಳಗೆ ಮುಗಿದುಹೋದರೆ ಮಧ್ಯಾಹ್ನ ದಾಟಿಹೋಗಲು ಕೆಲಸವೇ ಉಳಿಯುವುದಿಲ್ಲ. ಮೊದಲ ದಿನ ಹನ್ನೆರಡಕ್ಕೆ ಬಂದು ನೋಡಿದಳು. ಕೊಟ್ಟ ಅಂಗಿ ಒಂಬತ್ತು, ಮಡಚಿಟ್ಟದ್ದು ಏಳು.

ಉಳಿದೆರಡು ಎಲ್ಲಿ ಎಂದು ಕೇಳಿದ್ದಕ್ಕೆ ಅತ್ತೆ ಕನ್ನಡಕ ಒರೆಸಿಕೊಳ್ಳುತ್ತ, ಕೂತಿದ್ದ ಹಲಗೆಯ ಮೇಲೆ ತುಸು ಸರಿದರು. ತೊಡೆಯ ಅಡಿಯಿಂದ ಒಂದು ಅಂಗಿಯ ತೋಳು ಇಣುಕಿತು.

"ಅವಳೂ ಸೊಸೆನೇ ಅಲ್ವೇನೇ" ಎಂದರು.

ಟೇಪಕ್ಕ ಆ ತೋಳನ್ನು ನೋಡಿಯೂ ನೋಡದವಳಂತೆ ಯಂತ್ರಕ್ಕೆ ಹೊಸ ದಾರ ಹಾಕಿದಳು. ಮರುದಿನ ಬೆಳಿಗ್ಗೆ ಅವಳು ಅತ್ತೆಯ ಮುಂದೆ ಹನ್ನೆರಡು ಅಂಗಿ ತಂದಿಟ್ಟಳು: ಒಂಬತ್ತು ಇಲ್ಲಿಗೆ, ಮೂರು ಎದುರು ಮನೆಗೆ.